ನಿಲುಗಡೆ ನೋಡಿ ಹಸಿವು ಇಟ್ಟುಕೊಳ್ಳಿ: ರೈಲಿನ ಊಟದ ಬಗ್ಗೆ ಒಬ್ಬ ಹಳೇ ಗಾರ್ಡ್ ಹೇಳುವುದು

ಹೋದ ತಿಂಗಳು ತಮ್ಮನ ಮಗ ಫೋನ್ ಮಾಡಿದ್ದ. "ದೊಡ್ಡಪ್ಪ, ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೊರಟಿದ್ದೀವಿ. ಎರಡು ರಾತ್ರಿ ಗಾಡಿಯಲ್ಲೇ. ಇಬ್ಬರು ಮಕ್ಕಳು, ಜೊತೆಗೆ ನಮ್ಮತ್ತೆ. ಊಟಕ್ಕೆ ಏನು ಮಾಡೋದು?"

"ಮೊದಲು ಟೈಮ್‌ಟೇಬಲ್ ತೆಗೆದುಕೊಂಡು ಕೂತ್ಕೋ" ಅಂದೆ.

"ನಾನು ಕೇಳಿದ್ದು ಊಟದ ವಿಷಯ."

"ನಾನು ಹೇಳಿದ್ದೂ ಅದನ್ನೇ."

ಮೂವತ್ತೊಂದು ವರ್ಷ ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಈಗ ಆ ಕೆಲಸಕ್ಕೆ 'ಟ್ರೈನ್ ಮ್ಯಾನೇಜರ್' ಅಂತ ಹೆಸರು. 2022ರಲ್ಲಿ ಬದಲಾಯಿಸಿದರು. ಅಷ್ಟರಲ್ಲಿ ನಾನು ನಿವೃತ್ತನಾಗಿ ಅರಸೀಕೆರೆಯಲ್ಲಿ ಕಾಯಿ ಸುಲಿಸುತ್ತಾ ಕೂತಿದ್ದೆ, ಹಾಗಾಗಿ ಆ ದೊಡ್ಡ ಹೆಸರು ನನಗೆ ಅಂಟಲಿಲ್ಲ. ಗಾರ್ಡ್ ಅಂದರೆ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ನಿಂತಿರುತ್ತಾನಲ್ಲ, ಅವನು. ಒಂದು ಕೈಯಲ್ಲಿ ವಡೆ ಪೊಟ್ಟಣ, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಪ್ಲಾಟ್‌ಫಾರ್ಮ್ ಮೇಲೆ ಓಡುವ ಜನರನ್ನು ಅವನಷ್ಟು ನೋಡಿದವರು ಯಾರೂ ಇಲ್ಲ. ನೋಡಿ ನೋಡಿ ನಾನು ಕಲಿತದ್ದು ಇಷ್ಟು: ರೈಲಿನಲ್ಲಿ ಏನು ತಿನ್ನಬೇಕು ಅನ್ನುವುದನ್ನು ತೀರ್ಮಾನಿಸುವುದು ನಾಲಿಗೆ ಅಲ್ಲ, ಗಾಡಿ ಎಷ್ಟು ನಿಮಿಷ ನಿಲ್ಲುತ್ತದೆ ಅನ್ನುವುದು.

ಮೊದಲು ನಿಮಿಷ ಲೆಕ್ಕ ಹಾಕಿ

ನಿಮ್ಮ ಗಾಡಿಯ ವೇಳಾಪಟ್ಟಿಯಲ್ಲಿ ಪ್ರತಿ ಸ್ಟೇಷನ್ನಿಗೂ ಬರುವ ಹೊತ್ತು, ಬಿಡುವ ಹೊತ್ತು ಇರುತ್ತದೆ. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಎರಡು ನಿಮಿಷ ಇದ್ದ ಕಡೆ ಬಾಗಿಲಿನಿಂದ ಕೆಳಗೆ ಕಾಲಿಡಬೇಡಿ. ಕಿಟಕಿ ಹತ್ತಿರ ಬಂದದ್ದನ್ನು ಕೊಂಡರೆ ಸಾಕು. ಐದು ನಿಮಿಷ ಇದ್ದರೆ ನಿಮ್ಮ ಬೋಗಿಯ ಎದುರಿಗಿರುವ ಸ್ಟಾಲಿನವರೆಗೆ ಹೋಗಬಹುದು, ಮೇಲ್ಸೇತುವೆ ಹತ್ತುವ ಹಾಗಿಲ್ಲ. ಹತ್ತು ನಿಮಿಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಲ್ಲಿ ಏನೋ ಕೆಲಸ ಇದೆ ಅಂತ ಅರ್ಥ. ಬೋಗಿಗಳಿಗೆ ನೀರು ತುಂಬುತ್ತಾರೆ, ಇಲ್ಲವೇ ಎಂಜಿನ್ ಬದಲಾಗುತ್ತದೆ. ನಿಮ್ಮ ದೊಡ್ಡ ಊಟ ಅಲ್ಲಿಗೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಗಾಡಿ ಮುಂಚೆ ಬಂದರೆ ಬಿಡುವ ಹೊತ್ತಿನವರೆಗೆ ಕಾಯಲೇಬೇಕು, ಪಟ್ಟಿಯಲ್ಲಿರುವ ಹೊತ್ತಿಗಿಂತ ಮೊದಲು ಹೊರಡುವ ಹಾಗಿಲ್ಲ. ಆದರೆ ತಡವಾಗಿ ಬಂದರೆ ಹತ್ತು ನಿಮಿಷದ ನಿಲುಗಡೆ ನಾಲ್ಕಕ್ಕೆ ಇಳಿಯಬಹುದು, ಏಕೆಂದರೆ ಕಳೆದುಕೊಂಡ ಹೊತ್ತನ್ನು ಎಲ್ಲಾದರೂ ವಸೂಲಿ ಮಾಡಬೇಕಲ್ಲ. ಆದ್ದರಿಂದ ಇಳಿದ ಮೇಲೆ ಗಡಿಯಾರ ನೋಡಬೇಡಿ. ಪ್ಲಾಟ್‌ಫಾರ್ಮಿನ ಮುಂದಿನ ತುದಿಯಲ್ಲಿರುವ ಸ್ಟಾರ್ಟರ್ ಸಿಗ್ನಲ್ ನೋಡಿ. ಅದು ಕೆಂಪಗಿರುವವರೆಗೆ ನಿಮ್ಮ ಕಾಫಿ ನಿಮ್ಮದು. ಬಣ್ಣ ಬದಲಾದರೆ ಲೋಟ ಕೈಯಲ್ಲಿ ಹಿಡಿದೇ ಹತ್ತಿ. ಚಿಲ್ಲರೆ ಬಿಟ್ಟುಬಿಡಿ.

ಉಗಿಬಂಡಿ ಬಡಿಸಿದ ಊಟ

ಈ ಲೆಕ್ಕ ನಾನು ಹುಟ್ಟುಹಾಕಿದ್ದಲ್ಲ. ಇಂಗ್ಲೆಂಡಿನ ಸ್ವಿಂಡನ್ ಸ್ಟೇಷನ್ನಿನಲ್ಲಿ 1842ರಲ್ಲಿ ಊಟದ ಕೋಣೆಗಳು ತೆರೆದಾಗ ಗುತ್ತಿಗೆದಾರರಿಗೂ ರೈಲು ಕಂಪನಿಗೂ ಆದ ಕರಾರಿನ ಪ್ರಕಾರ ಹಾದುಹೋಗುವ ಗಾಡಿಗಳೆಲ್ಲ ಅಲ್ಲಿ ಹತ್ತು ನಿಮಿಷ ನಿಲ್ಲಬೇಕಿತ್ತು. ಊಟ ಚೆನ್ನಾಗಿರಲಿ ಬಿಡಲಿ, ನಿಲ್ಲಲೇಬೇಕು. ಆ ದಾರಿಯನ್ನು ಕಟ್ಟಿದ ಎಂಜಿನಿಯರ್ ಬ್ರೂನೆಲ್ ಸಾಹೇಬರೇ ಪತ್ರ ಬರೆದು, ನಿಮ್ಮಲ್ಲಿ ಕಾಫಿ ಅನ್ನುವ ಪದಾರ್ಥ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ ಅನ್ನುವ ಅರ್ಥದಲ್ಲಿ ಕುಟುಕಿದ್ದರು. ಆ ಕರಾರಿನಿಂದ ಬಿಡಿಸಿಕೊಳ್ಳಲು ಕಂಪನಿ 1895ರಲ್ಲಿ 1,00,000 ಪೌಂಡ್ ಕೊಡಬೇಕಾಯಿತು. ಹತ್ತು ನಿಮಿಷಕ್ಕೆ ಎಷ್ಟು ಬೆಲೆ ನೋಡಿ.

ನಮ್ಮಲ್ಲಿ ಅಂಥ ಕರಾರೇ ಬೇಕಿರಲಿಲ್ಲ. ಉಗಿ ಎಂಜಿನ್ನಿಗೇ ಬಾಯಾರಿಕೆ ಆಗುತ್ತಿತ್ತು. ನಾನು 1984ರಲ್ಲಿ ಕೆಲಸಕ್ಕೆ ಸೇರಿದಾಗ ಮೈಸೂರು ಕಡೆ ಮೀಟರ್ ಗೇಜಿನ ಕಿರಿದಾದ ಹಳಿಯಲ್ಲಿ ಇನ್ನೂ ವೈಪಿ ಅನ್ನುವ ಉಗಿ ಎಂಜಿನ್‌ಗಳು ಓಡುತ್ತಿದ್ದವು. ಅಲ್ಲಲ್ಲಿ ನಿಲ್ಲಿಸಿ ನೀರು ಹಿಡಿಯಬೇಕು, ಬೂದಿ ಎಳೆಯಬೇಕು. ಜೊತೆಗೆ ಒಂಟಿ ಹಳಿ, ಎದುರಿನ ಗಾಡಿ ಬಂದು ದಾಟುವವರೆಗೆ ಪಕ್ಕದ ಲೂಪ್ ಲೈನಿನಲ್ಲಿ ಕಾಯಬೇಕು. ಜನ ಇಳಿದು, ಮುಖ ತೊಳೆದು, ಇಡ್ಲಿ ತಿಂದು, ಎರಡನೇ ಸಲ ಚಟ್ನಿ ಹಾಕಿಸಿಕೊಂಡು ಬಂದರೂ ಗಾಡಿ ಅಲ್ಲೇ ಇರುತ್ತಿತ್ತು. ಸ್ಟೇಷನ್ನಿನ ಹೋಟೆಲುಗಳು ಬೆಳೆದದ್ದು ಆ ಬಿಡುವಿನ ಮೇಲೆ.

ಮದ್ದೂರು ವಡೆಯ ಕಥೆ ಇದಕ್ಕೆ ಒಳ್ಳೇ ಉದಾಹರಣೆ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಮದ್ದೂರು ಸ್ಟೇಷನ್ನಿನಲ್ಲಿ ಇದನ್ನು ಶುರು ಮಾಡಿದರು ಅಂತ ಹೇಳುತ್ತಾರೆ. ಅವರು ಮಾರುತ್ತಿದ್ದದ್ದು ಪಕೋಡ. ಒಂದು ದಿನ ಗಾಡಿ ಅಂದುಕೊಂಡದ್ದಕ್ಕಿಂತ ಬೇಗ ಬಂತಂತೆ. ಒಂದೊಂದೇ ಉಂಡೆ ಬಿಟ್ಟು ಕರಿಯಲು ಹೊತ್ತಿಲ್ಲ. ಕಲಸಿದ್ದನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಕಥೆಯ ವಿವರಕ್ಕೆ ನಾನು ಜಾಮೀನು ನಿಲ್ಲುವುದಿಲ್ಲ, ಆದರೆ ವಡೆ ನೋಡಿದರೆ ನಂಬಬೇಕು ಅನ್ನಿಸುತ್ತದೆ. ಚಪ್ಪಟೆ ಇರುವುದರಿಂದ ಬೇಗ ಬೇಯುತ್ತದೆ. ಚಟ್ನಿ ಬೇಡ, ತಟ್ಟೆ ಬೇಡ. ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ, ಕರಿಬೇವು ಬಿದ್ದು ಗರಿಗರಿ ಕರಿದದ್ದು, ಮಾರನೇ ದಿನಕ್ಕೂ ಕೆಡುವುದಿಲ್ಲ. ಕಿಟಕಿ ಸರಳಿನ ಸಂದಿಯಲ್ಲಿ ಒಳಗೆ ತೂರುತ್ತದೆ! ರೈಲಿನ ಅವಸರವೇ ಅದಕ್ಕೆ ಆಕಾರ ಕೊಟ್ಟಂತಿದೆ.

ಮುಂಬಯಿ–ಪುಣೆ ದಾರಿಯ ಕರ್ಜತ್‌ನಲ್ಲೂ ಇದೇ ನ್ಯಾಯ. ಭೋರ್ ಘಾಟ್ ಹತ್ತಲು ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಅಲ್ಲಿ ಸೇರಿಸುತ್ತಾರೆ. ಆ ಕೆಲವು ನಿಮಿಷಗಳ ಮೇಲೆ ಅಲ್ಲಿನ ಬಟಾಟೆ ವಡೆ ಬದುಕಿತು. ನಮ್ಮ ಸಕಲೇಶಪುರದಲ್ಲೂ ಘಾಟ್ ಇಳಿಯುವ ಮೊದಲು ಗಾಡಿ ಸುಮ್ಮನೆ ನಿಂತಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಕೂರುವ ಬದಲು ಇಳಿದು ಏನಾದರೂ ಬಿಸಿ ಕುಡಿಯಿರಿ.

ಈಗ ಉಗಿಯಿಲ್ಲ, ಹಳಿ ಎರಡಾಗಿದೆ, ಮೇಲೆ ಕರೆಂಟು ತಂತಿ ಬಂದಿದೆ. ಮದ್ದೂರಿನಲ್ಲಿ ಎಷ್ಟೋ ಗಾಡಿಗಳು ಕಣ್ಣು ಮಿಟುಕಿಸುವಷ್ಟೇ ನಿಲ್ಲುತ್ತವೆ, ಕೆಲವು ನಿಲ್ಲುವುದೇ ಇಲ್ಲ. ಗಾಡಿ ಬೇಗ ಊರು ಸೇರಿಸುತ್ತದೆ, ನಾನೂ ಸಂತೋಷ ಪಡುತ್ತೇನೆ. ಆದರೆ ಸ್ಟೇಷನ್ ಊಟ ಹಾಳಾಯಿತು ಅಂತ ಅಡುಗೆಯವನನ್ನು ಬೈಯುವವರು ಟೈಮ್‌ಟೇಬಲನ್ನೂ ಒಂದು ಸಲ ನೋಡಬೇಕು.

ಗಾಡಿಯೊಳಗಿನ ಅಡುಗೆಮನೆ

ನಿಲ್ಲುವ ಹೊತ್ತು ಕಡಿಮೆಯಾದಂತೆ ಅಡುಗೆಮನೆಯೇ ಗಾಡಿ ಹತ್ತಿತು. ಬ್ರಿಟನ್ನಿನಲ್ಲಿ ಮೊದಲ ಊಟದ ಬೋಗಿ 1879ರಲ್ಲಿ ಲಂಡನ್–ಲೀಡ್ಸ್ ನಡುವೆ ಓಡಿತು. ನಮ್ಮಲ್ಲಿ ಡೆಕ್ಕನ್ ಕ್ವೀನ್ 1930ರ ಜೂನ್ 1ರಂದು ಪುಣೆ–ಮುಂಬಯಿ ನಡುವೆ ಹೊರಟಿತು, ಅದರಲ್ಲಿ ಇಂದಿಗೂ ಮೇಜಿನ ಮುಂದೆ ಕೂತು ತಿನ್ನುವ ಬೋಗಿ ಇದೆ. ಪಾಸ್ ಇದ್ದಾಗ ಒಮ್ಮೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಅಲ್ಲಿ ಚೀಸ್ ಟೋಸ್ಟ್ ತಿಂದೆ. "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ" ಅಂದಳು. ಆದರೂ ಕಿಟಕಿಯಾಚೆ ಘಾಟ್ ನೋಡುತ್ತಾ ಎರಡನೆಯದನ್ನೂ ತರಿಸಿದಳು.

ಉಳಿದ ದೂರದ ಗಾಡಿಗಳಲ್ಲಿ ಇರುವುದು ಪ್ಯಾಂಟ್ರಿ ಕಾರ್, ಅಂದರೆ ಅಡುಗೆ ಬೋಗಿ. ಮೊದಲು ಸ್ಟೇಷನ್ ಊಟ ಖಾಸಗಿ ಕಂಪನಿಗಳ ಕೈಯಲ್ಲಿತ್ತು. ಮದ್ರಾಸು ಕಡೆ ಸ್ಪೆನ್ಸರ್, ಕಲ್ಕತ್ತೆಯ ದಾರಿಯಲ್ಲಿ ಕೆಲ್ನರ್, ಮುಂಬಯಿ ಕಡೆ ಬ್ರ್ಯಾಂಡನ್. 1955ರಿಂದ ರೈಲ್ವೆ ತಾನೇ ಅಡುಗೆಗೆ ಇಳಿಯಿತು. 1999ರಲ್ಲಿ ಊಟ, ಟಿಕೆಟ್ ನೋಡಿಕೊಳ್ಳುವ ರೈಲ್ವೆಯದೇ ಕಂಪನಿ ಐಆರ್‌ಸಿಟಿಸಿ ಹುಟ್ಟಿತು. 2010ರಲ್ಲಿ ಬಹುಪಾಲು ಅದರ ಕೈಯಿಂದ ವಲಯ ರೈಲ್ವೆಗಳಿಗೆ ಹೋಯಿತು, 2017ರಲ್ಲಿ ಮತ್ತೆ ಅದಕ್ಕೇ ಬಂತು. ಈ ಹಗ್ಗಜಗ್ಗಾಟ ಪ್ರಯಾಣಿಕನಿಗೆ ಬೇಡ. ಅವನು ತಿಳಿಯಬೇಕಾದ್ದು ಒಂದೇ: ಪ್ಯಾಂಟ್ರಿಯಲ್ಲಿ ಕೊಡುವುದೆಲ್ಲ ಪ್ಯಾಂಟ್ರಿಯಲ್ಲೇ ಬೇಯಿಸಿದ್ದಲ್ಲ. ಎಷ್ಟೋ ಊಟ ದಾರಿಯ ಬೇಸ್ ಕಿಚನ್ ಅನ್ನುವ ದೊಡ್ಡ ಅಡುಗೆಮನೆಯಲ್ಲಿ ತಯಾರಾಗಿ, ಡಬ್ಬಿಗೆ ಬಿದ್ದು, ಗಾಡಿಗೆ ಏರುತ್ತದೆ. ಹೀಗಾಗಿ ಆರ್ಡರ್ ಕೇಳಲು ಬಂದವನನ್ನು "ಊಟ ಯಾವ ಸ್ಟೇಷನ್‌ನಲ್ಲಿ ಹತ್ತುತ್ತೆ?" ಅಂತ ಕೇಳಿ. ಹತ್ತಿ ಅರ್ಧ ಗಂಟೆಯೊಳಗೆ ಕೈಗೆ ಬಂದರೆ ಬಿಸಿ. ಎರಡು ಗಂಟೆ ಆದ ಮೇಲೆ ಬಂದರೆ ಮೊಸರು ಮಾತ್ರ ತಿನ್ನಿ ಅನ್ನುವವನು ನಾನು.

ದರ ಬಾಯಿಪಾಠ ಇರಲಿ. ಮೇಲ್, ಎಕ್ಸ್‌ಪ್ರೆಸ್ ಗಾಡಿಯೊಳಗೆ ಸಸ್ಯಾಹಾರಿ ಊಟಕ್ಕೆ 80 ರೂಪಾಯಿ, ಅದೇ ಸ್ಟೇಷನ್ನಿನ ಕೌಂಟರಿನಲ್ಲಿ 70. ತಿಂಡಿ ಗಾಡಿಯಲ್ಲಿ 40. ಮೊಟ್ಟೆ ಸಾರಿನ ಊಟ 90, ಕೋಳಿ ಸಾರಿನದು 130. ಮಾಮೂಲಿ ಟೀ 5, ಪೊಟ್ಟಣ ಅದ್ದುವ ಟೀ 10. ಊಟದಲ್ಲಿ 150 ಗ್ರಾಂ ಅನ್ನ, 80 ಗ್ರಾಂ ಮೊಸರು ಅಂತ ತೂಕವೂ ನಿಗದಿ. ದರಪಟ್ಟಿ ಪರಿಷ್ಕರಣೆ ಆಗುತ್ತಾ ಇರುತ್ತದೆ, ಆದ್ದರಿಂದ ನನ್ನ ಮಾತನ್ನಲ್ಲ, ಮಾರುವವರ ಕೈಯಲ್ಲಿರುವ ದರದ ಕಾರ್ಡನ್ನು ತೋರಿಸಲು ಹೇಳಿ, ಬಿಲ್ ಕೇಳಿ. ಬಿಲ್ ಕೊಡದಿದ್ದರೆ ದುಡ್ಡು ಕೊಡಬೇಕಿಲ್ಲ ಅಂತ ರೈಲ್ವೆಯೇ ಬೋರ್ಡು ಬರೆಸಿದೆ. ಜಗಳ ಬೇಡ, ತಗ್ಗಿದ ದನಿಯಲ್ಲಿ "ಬಿಲ್ಲು ಕೊಡಪ್ಪ" ಅಂದರೆ ಸಾಕು, ಎಷ್ಟೋ ಸಲ ನೂರಿಪ್ಪತ್ತು ಎಂಬತ್ತಕ್ಕೆ ಇಳಿದದ್ದನ್ನು ಕಂಡಿದ್ದೇನೆ. ಇಳಿಯದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ.

ಜನರಲ್ ಬೋಗಿಯವರಿಗೆ ಒಂದು ಮಾತು. 2023ರಿಂದ ಹಲವು ಸ್ಟೇಷನ್‌ಗಳಲ್ಲಿ ಆ ಬೋಗಿ ನಿಲ್ಲುವ ಜಾಗದ ಎದುರೇ 20 ರೂಪಾಯಿಗೆ ಏಳು ಪೂರಿ, ಆಲೂಗಡ್ಡೆ ಪಲ್ಯ, ಉಪ್ಪಿನಕಾಯಿ ಕೊಡುವ ಕೌಂಟರ್ ಇಟ್ಟಿದ್ದಾರೆ. ಕೂತ ಜಾಗ ಬಿಟ್ಟು ಎದ್ದರೆ ಜಾಗವೇ ಹೋಗುವ ಜನಕ್ಕೆ ಇದು ದೊಡ್ಡ ಅನುಕೂಲ. ಒಬ್ಬರು ಟವೆಲ್ ಹಾಸಿ ಕಾಯಲಿ, ಒಬ್ಬರು ಇಳಿಯಲಿ.

ತಂತಿ ಹೋಗಿ ಫೋನು ಬಂತು

ಬ್ರಿಟಿಷರ ಕಾಲದಲ್ಲಿ ಮೇಲಿನ ದರ್ಜೆಯವರಿಗೆ ಊಟ ಬೇಕಾದರೆ ಗಾರ್ಡ್‌ಗೆ ಹೇಳುತ್ತಿದ್ದರು. ಗಾರ್ಡ್ ಮುಂದಿನ ಊಟದ ಸ್ಟೇಷನ್ನಿಗೆ ತಂತಿ ಕೊಡಿಸುತ್ತಿದ್ದ. ಗಾಡಿ ಅಲ್ಲಿ ನಿಲ್ಲುವ ಹೊತ್ತಿಗೆ ತಟ್ಟೆ ಸಿದ್ಧ. ನಮ್ಮ ತಮ್ಮನ ಮಗನಿಗೆ ಇದನ್ನು ಹೇಳಿದರೆ, "ಅಂದರೆ ನೀವೇ ಆ್ಯಪ್ ಆಗಿದ್ರಿ" ಅಂದ. ಹೌದಪ್ಪ, ನಮ್ಮ ಮುತ್ತಜ್ಜನ ಕಾಲದ ಗಾರ್ಡ್ ಆ್ಯಪ್ ಆಗಿದ್ದ, ಅದೂ ಕೋಟು ಹಾಕಿಕೊಂಡು.

ಈಗಿನ ಇ-ಕೇಟರಿಂಗ್, ಅಂದರೆ ಫೋನಿನಲ್ಲೇ ಊಟ ತರಿಸುವುದು, ಅದೇ ಕೆಲಸ ಮಾಡುತ್ತದೆ. ಐಆರ್‌ಸಿಟಿಸಿಯ ಆ್ಯಪಿನಲ್ಲಿ ಅಥವಾ 1323ಕ್ಕೆ ಫೋನ್ ಮಾಡಿ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಕೊಟ್ಟರೆ ದಾರಿಯ ಸ್ಟೇಷನ್ನುಗಳಲ್ಲಿ ಯಾವ ಹೋಟೆಲಿನ ಊಟ ಸಿಗುತ್ತದೆ ಅಂತ ತೋರಿಸುತ್ತದೆ. ಆರಿಸುವಾಗ ಹೋಟೆಲಿನ ಹೆಸರು ನೋಡುವ ಮೊದಲು ನಿಮ್ಮ ಚೀಟಿ ನೋಡಿ. ಐದು ನಿಮಿಷಕ್ಕಿಂತ ಕಡಿಮೆ ನಿಲ್ಲುವ ಕಡೆ ಬೇಡ. ರಾತ್ರಿ ಊಟಕ್ಕೆ ಒಂಬತ್ತು ಗಂಟೆಯ ಸ್ಟೇಷನ್ನಿಗಿಂತ ಏಳೂವರೆಯದು ಮೇಲು, ಗಾಡಿ ಎರಡು ಗಂಟೆ ತಡವಾದರೂ ಮಕ್ಕಳು ಎಚ್ಚರವಾಗಿರುತ್ತಾರೆ.

ನನಗೇ ಒಮ್ಮೆ ಮೋಸವಾಯಿತು. ಮಗಳು ಬೆಂಗಳೂರಿನಲ್ಲಿ ಕೂತು ನಮಗೆ ದಾರಿಯಲ್ಲಿ ಊಟ ಬುಕ್ ಮಾಡಿದ್ದಳು. ಹಿಂದಿನ ಜಂಕ್ಷನ್ನಿನಲ್ಲಿ ಎಂಜಿನ್ ಆ ತುದಿಯಿಂದ ಈ ತುದಿಗೆ ಬಂದಿತ್ತು. ಮೊದಲಿದ್ದ ಬೋಗಿ ಕೊನೆಯದಾಗಿತ್ತು. ಊಟ ತಂದ ಹುಡುಗ ಹಳೇ ಲೆಕ್ಕದಲ್ಲಿ ಮುಂದಿನ ತುದಿಯಲ್ಲಿ ನಿಂತಿದ್ದ. ಅವನು ಇಪ್ಪತ್ತು ಬೋಗಿ ಓಡಿ ಬರುವಷ್ಟರಲ್ಲಿ ಗಾಡಿ ಹೊರಟಿತು. ಬಿಸಿಬೇಳೆಬಾತ್ ಹಿಡಿದು ಅವನು ಪಕ್ಕದಲ್ಲೇ ಓಡುತ್ತಿದ್ದ, ನಾನು ಬಾಗಿಲಲ್ಲಿ ನಿಂತು "ಬೇಡ, ನಿಲ್ಲಪ್ಪ, ನಿಲ್ಲು" ಅಂತ ಕೂಗುತ್ತಿದ್ದೆ. ಗಾರ್ಡ್ ಆಗಿದ್ದವನಿಗೆ ಆ ದೃಶ್ಯ ನೋಡಲು ಎದೆ ಬೇಕು. ಅವತ್ತು ಚಕ್ಕುಲಿಯಲ್ಲಿ ರಾತ್ರಿ ಕಳೆದೆವು. ಅಂದಿನಿಂದ, ದಾರಿಯಲ್ಲಿ ಗಾಡಿ ದಿಕ್ಕು ತಿರುಗುತ್ತದೆಯೇ ಅಂತ ಮೊದಲೇ ನೋಡಿಕೊಳ್ಳುತ್ತೇನೆ. ಊಟ ತರುವವನಿಗೆ ಬೋಗಿ ಸಂಖ್ಯೆಯ ಜೊತೆ ಎಂಜಿನ್ನಿನಿಂದ ಎಷ್ಟನೆಯದು ಅಂತಲೂ ಫೋನಿನಲ್ಲಿ ಹೇಳುತ್ತೇನೆ. ಸೊಲ್ಲಾಪುರದಿಂದ ಮನ್ಮಾಡ್ ಕಡೆ ಹೋಗುವ ಗಾಡಿಗಳು ಹಿಂದೆ ದೌಂಡ್‌ನಲ್ಲಿ ಹೀಗೆ ತಿರುಗಿಕೊಳ್ಳುತ್ತಿದ್ದವು. ಈಗ ಅಲ್ಲಿ ಕಾರ್ಡ್ ಲೈನ್ ಅನ್ನುವ ಅಡ್ಡಹಳಿ ಬಂದು ಆ ತಿರುಗಾಟವೂ ಹೋಯಿತು, ಅದರ ಜೊತೆ ಒಂದು ಒಳ್ಳೇ ಟೀ ಬಿಡುವೂ ಹೋಯಿತು.

ಬುತ್ತಿ

ಎಲ್ಲ ಹೇಳಿದ ಮೇಲೂ ಮೊದಲ ರಾತ್ರಿಗೆ ಮನೆಯ ಬುತ್ತಿಗೆ ಸಮ ಇಲ್ಲ. ನಮಗೆ ಗಾರ್ಡ್‌ಗಳಿಗೆ ಲೈನ್ ಬಾಕ್ಸ್ ಅಂತ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಬಾವುಟ, ಕೈದೀಪ, ಅಪಾಯ ಸೂಚಿಸಲು ಹಳಿ ಮೇಲೆ ಇಡುವ ಪಟಾಕಿ ಥರದ ಡಿಟೊನೇಟರ್, ಪ್ರಥಮ ಚಿಕಿತ್ಸೆ ಡಬ್ಬಿ ಎಲ್ಲ ಅದರಲ್ಲಿ. ಅವುಗಳ ಪಕ್ಕದಲ್ಲೇ ಒಂದು ಪಾವು ಅಕ್ಕಿ, ಬೇಳೆ, ಎರಡು ಈರುಳ್ಳಿ, ಹುಣಸೆಹಣ್ಣು. ಹೋದ ಊರಿನಲ್ಲಿ ನಾವು ತಂಗುವ ರನ್ನಿಂಗ್ ರೂಮಿನಲ್ಲಿ ಅಡುಗೆಯವರ ಕೈಗೆ ಕೊಟ್ಟರೆ ಬೇಯಿಸಿ ಕೊಡುತ್ತಿದ್ದರು. ಎಲ್ಲರ ಅಕ್ಕಿಯೂ ಬೇರೆ ಬೇರೆ ಪಾತ್ರೆಯಲ್ಲಿ. ಇಡೀ ಗಾಡಿಗೆ ಪ್ಯಾಂಟ್ರಿ ಇದ್ದರೂ ಕೊನೆಯ ಬ್ರೇಕ್‌ವ್ಯಾನ್ ಡಬ್ಬಿಯ ಗಾರ್ಡ್‌ಗೆ ಅದು ಬೇರೆ ದೇಶ. ಹಾಗಾಗಿ ಬುತ್ತಿಯ ವಿಷಯದಲ್ಲಿ ನಾನು ಹೇಳಿದ್ದನ್ನು ಕೇಳಿ.

ಮೊದಲ ರಾತ್ರಿಗೆ ಚಪಾತಿ ಮತ್ತು ಒಣ ಪಲ್ಯ. ಪಲ್ಯಕ್ಕೆ ತೆಂಗಿನಕಾಯಿ ತುರಿ ಬೇಡ, ಬೇಸಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಹಳಸುವುದು ಅದೇ. ಅರಸೀಕೆರೆಯವನಾಗಿ ತೆಂಗಿನ ಮೇಲೆ ಹೀಗೆ ಹೇಳುವುದು ಕಷ್ಟವೇ. ಮಾರನೇ ಬೆಳಗ್ಗೆಗೆ ಪುಳಿಯೋಗರೆ. ಅನ್ನವನ್ನು ಹರಡಿ ಪೂರ್ತಿ ಆರಿಸಿ, ಎಳ್ಳೆಣ್ಣೆ ಧಾರಾಳವಾಗಿ ಹಾಕಿ ಕಲಸಿ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಹಬೆ ನೀರಾಗಿ ರಾತ್ರಿಯೇ ಕೆಡುತ್ತದೆ. ಮೊಸರನ್ನ ಬೇಕೇ ಬೇಕು ಅಂದರೆ ಮೊಸರಿನಲ್ಲಿ ಕಲಸಬೇಡಿ. ಕಾಯಿಸಿ ಆರಿದ ಹಾಲಿನಲ್ಲಿ ಅನ್ನ ಕಲಸಿ ಎರಡು ಚಮಚ ಮೊಸರು ಬಿಡಿ. ಸಂಜೆ ಕಲಸಿದರೆ ಬೆಳಗ್ಗೆ ಹದವಾಗಿ ಹೆಪ್ಪಾಗಿರುತ್ತದೆ. ಕಟ್ಟಲು ಬಾಳೆಎಲೆಯನ್ನು ಒಲೆ ಮೇಲೆ ಬಾಡಿಸಿಕೊಳ್ಳಿ, ಮಡಚಿದರೂ ಹರಿಯುವುದಿಲ್ಲ. ಉಂಡ ಮೇಲೆ ಎಲೆಯನ್ನು ಕಿಟಕಿಯಾಚೆ ಎಸೆಯಬೇಡಿ, ಹಿಂದಿನ ಬೋಗಿಗಳ ಕಿಟಕಿಗೂ ಕೊನೆಗೆ ಗಾರ್ಡಿನ ಮುಖಕ್ಕೂ ಬೀಳುತ್ತದೆ. ಅನುಭವದ ಮಾತು.

ಬಿಸಿ ಮಾಡಿಕೊಳ್ಳುವ ಆಸೆ ಬಿಡಿ. ಮೊಬೈಲಿನ ಪ್ಲಗ್ಗಿಗೆ ಕೆಟಲ್ ಚುಚ್ಚಿ ಮಕ್ಕಳಿಗೆ ನೂಡಲ್ಸ್ ಮಾಡುವವರನ್ನು ಈಗೀಗ ನೋಡುತ್ತೇನೆ. ಆ ಪ್ಲಗ್ಗು ಅಷ್ಟು ಕರೆಂಟಿಗಲ್ಲ, ಕಾನೂನಿಗೂ ವಿರುದ್ಧ. ಸ್ಟೌ, ಗ್ಯಾಸಿನ ಮಾತಂತೂ ಬೇಡವೇ ಬೇಡ. 2023ರ ಆಗಸ್ಟಿನಲ್ಲಿ ಮಧುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯೊಂದರಲ್ಲಿ ಕದ್ದುಮುಚ್ಚಿ ತಂದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು.

ನೀರು, ಟೀ

ನೀರಿಗೂ ಒಂದು ಚರಿತ್ರೆ ಇದೆ, ಅದೇನೂ ಚೆನ್ನಾಗಿಲ್ಲ. ಉತ್ತರದ ಸ್ಟೇಷನ್ನುಗಳಲ್ಲಿ 'ಹಿಂದೂ ಪಾನಿ', 'ಮುಸಲ್ಮಾನ್ ಪಾನಿ' ಅಂತ ಬೇರೆ ಬೇರೆ ಕೂಗುತ್ತಿದ್ದರು. ನೀರು ಕೊಡುವ ಬ್ರಾಹ್ಮಣನಿಗೆ 'ಪಾನಿ ಪಾಂಡೆ' ಅಂತಲೇ ಹೆಸರು. ದಕ್ಷಿಣದಲ್ಲಿ ಊಟದ ಕೋಣೆಗೇ 'ಬ್ರಾಹ್ಮಣರು', 'ಇತರರು' ಅಂತ ಹಲಗೆ ಇತ್ತು, ಪೆರಿಯಾರ್ ಕಡೆಯವರು ಅದರ ವಿರುದ್ಧ ಹೋರಾಡಿದ ಮೇಲೆ 1940ರ ದಶಕದ ಆರಂಭದಲ್ಲಿ ಇಳಿಯಿತು. ಒಂದೇ ಎಂಜಿನ್ ಎಳೆಯುತ್ತಿತ್ತು, ಒಂದೇ ಹಳಿ, ಚಟ್ನಿ ಮಾತ್ರ ಬೇರೆ. ನನ್ನ ತಂದೆ ಆ ಹಲಗೆಯ ಈ ಕಡೆಯವರೋ ಆ ಕಡೆಯವರೋ ಅಂತ ಕೇಳಬೇಡಿ, ಊಹಿಸಿಕೊಳ್ಳಿ.

ಈಗ ಹಲಗೆ ಇಲ್ಲ, ಬಾಟಲಿ ಇದೆ. 2003ರಲ್ಲಿ ಶುರುವಾದ ರೈಲ್ ನೀರ್ ಒಂದು ಲೀಟರಿಗೆ 15 ರೂಪಾಯಿ ಇತ್ತು, 2025ರ ಸೆಪ್ಟೆಂಬರಿನಲ್ಲಿ 14ಕ್ಕೆ ಇಳಿಯಿತು. 20 ಕೇಳಿದರೆ ಬಾಟಲಿ ಮೇಲಿನ ಅಂಕಿಗೆ ಬೆರಳು ಇಡಿ. ಮುಚ್ಚಳದ ಉಂಗುರ 'ಟಕ್' ಅಂತ ಒಡೆಯಬೇಕು. ಒಡೆಯದಿದ್ದರೆ ವಾಪಸು ಕೊಡಿ.

ಟೀ ಮಾರುವವನ ಕೊರಳಲ್ಲಿ ಗುರುತಿನ ಕಾರ್ಡು ಇರಲಿ. ಅಂದಹಾಗೆ ಸ್ಟೇಷನ್ನಿನಲ್ಲಿ ಟೀ ತಾನಾಗಿ ಬಂದದ್ದಲ್ಲ. ತೋಟದ ಮಾಲೀಕರು 1903ರ ತೆರಿಗೆಯಿಂದ ಬಂದ ದುಡ್ಡಿನಲ್ಲಿ ಜನಕ್ಕೆ ಟೀ ರುಚಿ ಹತ್ತಿಸಲು ಹೊರಟಾಗ ಜಂಕ್ಷನ್ನುಗಳ ವ್ಯಾಪಾರಿಗಳಿಗೆ ಕೆಟಲು, ಲೋಟ, ಪುಡಿ ಕೊಟ್ಟರು. ಹಾಲು ಸಕ್ಕರೆ ಹೇಗೆ ಹಾಕಬೇಕು ಅನ್ನುವ ಅವರ ಉಪದೇಶವನ್ನು ವ್ಯಾಪಾರಿಗಳು ಕೇಳಲಿಲ್ಲ, ತಮಗೆ ಬೇಕಾದಷ್ಟು ಕುದಿಸಿದರು. ಒಳ್ಳೆಯದೇ ಆಯಿತು. ಆದರೂ ಗುಂತಕಲ್ ದಾಟುವವರೆಗೆ ಕಾಫಿ, ಆಮೇಲೆ ಟೀ, ಇದು ನನ್ನ ನಿಯಮ. ಉತ್ತರಕ್ಕೆ ಹೋದಂತೆ ಸ್ಟೇಷನ್ ಕಾಫಿಯಲ್ಲಿ ಬ್ರೂನೆಲ್ ಸಾಹೇಬರ ದೂರು ನೆನಪಾಗುತ್ತದೆ.

ಕೊನೆಗೆ ತಮ್ಮನ ಮಗನಿಗೆ ಬರೆದುಕೊಟ್ಟದ್ದು ಹೀಗೆ: ಮೊದಲ ರಾತ್ರಿ ಚಪಾತಿ. ಬೆಳಗ್ಗೆ ಸೊಲ್ಲಾಪುರದಲ್ಲಿ ಟೀ ಮಾತ್ರ, ತಿಂಡಿಗೆ ಪುಳಿಯೋಗರೆ, ಶೇಂಗಾ ಚಟ್ನಿಪುಡಿ ಸಿಕ್ಕರೆ ಕೊಳ್ಳುವುದು. ಮಧ್ಯಾಹ್ನ ಪ್ಯಾಂಟ್ರಿ ಊಟ ಎರಡು, ನಾಲ್ಕು ಅಲ್ಲ, ಹಂಚಿಕೊಂಡು ನೋಡಿ. ಸಂಜೆ ಭುಸಾವಳದಲ್ಲಿ ಒಂದು ಡಜನ್ ಬಾಳೆಹಣ್ಣು, ಆ ಸೀಮೆ ಬಾಳೆಗೆ ಹೆಸರಾದದ್ದು. ರಾತ್ರಿಗೆ ಖಂಡ್ವಾದಲ್ಲಿ ಇ-ಕೇಟರಿಂಗ್, ಇಟಾರ್ಸಿವರೆಗೆ ಕಾಯಬೇಡ. ಮೂರನೇ ಬೆಳಗ್ಗೆ ಬಿಸ್ಕತ್ತು, ಸ್ನಾನ ಮಾಡಿ ದೆಹಲಿಯಲ್ಲೇ ಊಟ.

ಹೊರಟ ಮಾರನೇ ದಿನ ಸಂಜೆ ಫೋನ್ ಬಂತು. ಹಿಂದೆ ಗದ್ದಲ, ಯಾರೋ "ಕೇಲಾ, ಕೇಲಾ" ಅಂತ ಕೂಗುತ್ತಿದ್ದರು.

"ಹಣ್ಣು ಸಿಕ್ಕಿತೇನೋ?" ಅಂದೆ.

"ಸಿಕ್ತು ದೊಡ್ಡಪ್ಪ, ಅತ್ತೆ ಚೌಕಾಸಿ ಮಾಡ್ತಾ ಇದ್ದಾರೆ. ಅಯ್ಯೋ, ಸ್ಟಾರ್ಟರ್ ಹಸಿರಾಯ್ತು, ಇಡ್ತೀನಿ!"